ಹಿಂದೆ ಸರಿಯುವ ಹಕ್ಕು

ಹಾರೂಗೇರಿಯ ಒಂದು ಹೈಸ್ಕೂಲಿನಲ್ಲಿ, ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನ ಮೇಲೆ ಧೂಳು ಹಿಡಿದು ಕೂತಿದ್ದ ಫೋಟೋ ಒಂದರಲ್ಲಿ ನೀಲಮ ಮೊದಲ ಸಲ ಅನುಸೂಯಾಳನ್ನು ಕಂಡಳು. ಹುಡುಗಿಯರ ಕಬಡ್ಡಿ ತಂಡದ ಹಳೆಯ ಫೋಟೋ. ಉಳಿದವರೆಲ್ಲ ಉಸಿರು ಬಿಗಿಹಿಡಿದು ಕ್ಯಾಮೆರಾ ನೋಡುತ್ತಿದ್ದರೆ, ನಡುವೆ ಗೆದ್ದ ಕಪ್ಪು ಹಿಡಿದು ಕೂತವಳು ಮಾತ್ರ ಯಾರೋ ಏನೋ ಅಂದದ್ದಕ್ಕೆ ಪಕ್ಕಕ್ಕೆ ತಿರುಗಿ ಬಾಯಿ ತುಂಬ ನಗುತ್ತಿದ್ದಳು.

"ಇಕಿ ಭಾಳ ಜೋರ ಆಡ್ತಿದ್ಲಂತ್ರಿ," ಎಂದರು ಮುಖ್ಯೋಪಾಧ್ಯಾಯರು. "ಉಗಾರ ಬುದ್ರುಕಕ್ಕ ಕೊಟ್ಟಾರಂತ ಕೇಳೇನಿ. ಈಗೆಲ್ಲಿ ಆಟ? ಕಬ್ಬು, ದನ, ಸಂಸಾರ."

ಆ 'ಈಗೆಲ್ಲಿ ಆಟ' ಎಂಬುದೇ ನೀಲಮಳ ಸಂಶೋಧನೆಯ ವಿಷಯವಾಗಿತ್ತು. ನಿಪ್ಪಾಣಿ ಹತ್ತಿರದ ಭೋಜದ ಹುಡುಗಿ ಅವಳು. ತಂದೆ ತುಕಾರಾಮ ಕಾಲೇಜೊಂದರಲ್ಲಿ ಜವಾನ, ತಾಯಿ ಶೇವಂತಾ ಮಂದಿಯ ಹೊಲಕ್ಕೆ ಕೂಲಿಗೆ ಹೋಗುವಾಕೆ. ನೀಲಮ ಕಾಲೇಜಿನಲ್ಲಿದ್ದಾಗ ಖೋ-ಖೋ ಆಡುತ್ತಿದ್ದಳು. ಮೊಣಕಾಲಿಗೆ ಪೆಟ್ಟಾದ ಮೇಲೆ ಆಡುವುದನ್ನು ಬಿಟ್ಟು ಆಟದ ಬಗ್ಗೆ ಓದಲು ಹಿಡಿದಳು. ಈಗ ಬೆಳಗಾವಿಯಲ್ಲಿ ಪಿಎಚ್.ಡಿ. ಈ ಗಡಿಭಾಗದ ತಾಲೂಕುಗಳಲ್ಲಿ ಒಂದು ಕಾಲಕ್ಕೆ ಆಡಿ ಹೆಸರು ಮಾಡಿದ ಹೆಣ್ಣುಮಕ್ಕಳು ಮದುವೆಯಾದ ಮೇಲೆ ಆ ಆಟವನ್ನು ಎಲ್ಲಿ ಇಟ್ಟರು ಎಂಬುದು ಅವಳ ಪ್ರಶ್ನೆ.

ಮೊದಲು ಅವಳು ಪ್ರಶ್ನಾವಳಿ ಹಿಡಿದು ಚಿಕ್ಕೋಡಿ, ಸದಲಗಾ ಸುತ್ತಿದ್ದಳು. 'ನಿಮ್ಮ ಬಿಡುವಿನ ಸಮಯವನ್ನು ಹೇಗೆ ಕಳೆಯುತ್ತೀರಿ?' ಎಂಬ ಪ್ರಶ್ನೆಯ ಕೆಳಗೆ ಎಲ್ಲ ಹೆಂಗಸರೂ, ಬಂದ ಹುಡುಗಿಗೆ ಬೇಸರವಾಗದಿರಲೆಂದು, 'ಟಿವಿ' ಎಂಬಲ್ಲಿ ಗುರುತು ಹಾಕಿ ಕೊಟ್ಟಿದ್ದರು. ಆ ಕಾಗದಗಳ ಕಟ್ಟನ್ನು ನೋಡಿ ಅವಳ ಮಾರ್ಗದರ್ಶಕರಾದ ಡಾ. ಸಮ್ಮೇದ ಮಗದುಮ್ಮ ಅದನ್ನು ಬದಿಗೆ ಸರಿಸಿದರು. ಆಮೇಲೆ, "ಇದು ಬ್ಯಾಡ ನೀಲಮ. ಕುಂತು ಮಾತಾಡು. ಅವರು ಹೇಳೂತನಕ ಕಾಯಿ. ಕಡಿಮಿ ಮಂದಿ ಆದ್ರೂ ಅಡ್ಡಿಯಿಲ್ಲ," ಎಂದರು.

ಹಾಗೆ ಅವಳು ಕಾಗವಾಡಕ್ಕೆ ಹೋಗಿ, ಅಲ್ಲಿಂದ ಟೆಂಪೊ ಹತ್ತಿ, ಉಗಾರ ಬುದ್ರುಕದ ಹೊಳೆಬದಿಯ ಒಂದು ಮನೆಯ ಮುಂದೆ ಇಳಿದಳು.

ಕಟ್ಟೆಯ ಮೇಲೆ ಅನುಸೂಯಾಳ ಅತ್ತೆ ಕೆಂಚವ್ವ ಕೂತಿದ್ದಳು. ಯಾವ ಊರು, ಯಾರ ಪೈಕಿ ಎಂದು ಕೇಳಿದಳು. ನೀಲಮ ಮರೆಮಾಚದೆ ಹೇಳಿದಳು: "ಭೋಜದಾಕಿ ರಿ ಆಯಿ. ಬುದ್ಧವಿಹಾರದ ಓಣಿಯವರು." ಮುದುಕಿ "ಹಾಂ" ಎಂದಳು, ಅಷ್ಟೇ. ಚಹಾ ಬಂದದ್ದು ಕಾಗದದ ಕಪ್ಪಿನಲ್ಲಿ. ನೀಲಮಳಿಗೆ ಇದು ಹೊಸದಲ್ಲ, ಕುಡಿದಳು.

ಒಳಗಿನಿಂದ ಅನುಸೂಯಾ ಶೇಂಗಾಪುಡಿ ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದಳು. ನಲವತ್ತರ ಆಸುಪಾಸು, ಅಗಲ ಭುಜ. ನೀಲಮ ಹಾರೂಗೇರಿಯ ಫೋಟೋದ ಮಾತೆತ್ತಿದ್ದೇ ತಡ, ಅವಳು ಅತ್ತೆಯ ಕಡೆ ಒಮ್ಮೆ ನೋಡಿ, "ಅದನ್ನ ಕೇಳಾಕ ಅಷ್ಟ ದೂರದಿಂದ ಬಂದ್ಯಾ? ಹೊಟ್ಟಿಗೇನರ ತಿಂದೀಯೋ ಇಲ್ಲೋ?" ಎಂದು ಮಾತು ಮರೆಸಿದಳು. ಆದರೆ ಹೊರಡುವಾಗ ಅಂಗಳದ ತುದಿಯವರೆಗೆ ಬಂದು, ದನಿ ಇಳಿಸಿ ಕೇಳಿದಳು: "ಆ ಫೋಟೋ ಇನ್ನೂ ಐತೇನವಾ ಅಲ್ಲೆ?"

"ಐತ್ರಿ ಅಕ್ಕಾ. ನೀವು ನಕ್ಕೋತ ಕುಂತೀರಿ."

"ಶನಿವಾರ ಬಾ. ಅತ್ತಿ ಶನಿವಾರ ಹನಮಪ್ಪನ ಗುಡಿಗೆ ಹೋಗ್ತಾಳ."

ಮುಂದಿನ ಶನಿವಾರ ಅನುಸೂಯಾ ಅವಳನ್ನು ಅಡಿಗೆಮನೆಯಲ್ಲೇ ಕೂರಿಸಿದಳು. ಮನೆಯವರು ಕುಡಿಯುವ ಕಪ್ಪುಬಸಿಯಲ್ಲಿ ಚಹಾ ಕೊಟ್ಟು, ತಾನೂ ಅಂಥದ್ದೇ ಕಪ್ಪು ಹಿಡಿದು ಎದುರಿಗೆ ಕೂತಳು. ನೀಲಮ ಸಮ್ಮತಿ ಪತ್ರ ತೆಗೆದು, ನಿಯಮದಂತೆ ಒಂದೊಂದೇ ಸಾಲು ಓದಿ ಹೇಳಿದಳು. ದನಿ ರೆಕಾರ್ಡ್ ಮಾಡುತ್ತೇನೆ; ಹೆಸರು ಬದಲಿಸುತ್ತೇನೆ; ಬೇಡವೆನಿಸಿದ ಪ್ರಶ್ನೆಗೆ ಉತ್ತರ ಹೇಳಬೇಕಿಲ್ಲ; ಯಾವಾಗ ಬೇಕಾದರೂ, ಕಾರಣ ಹೇಳದೆ, ಇದರಿಂದ ಹಿಂದೆ ಸರಿಯುವ ಹಕ್ಕು ನಿಮಗಿದೆ, ಆಗ ನೀವು ಹೇಳಿದ್ದೆಲ್ಲವನ್ನೂ ಅಳಿಸಿಹಾಕುತ್ತೇನೆ.

ಅನುಸೂಯಾ ಜೋರಾಗಿ ನಕ್ಕಳು. "ಇಂಥಾದೊಂದು ಕಾಗದ ನನ್ನ ಲಗ್ನದಾಗ ಯಾರೂ ಕೊಡಲಿಲ್ಲ ನೋಡು."

ಸಹಿ ಹಾಕಿದ ಮೇಲೆ ಅವಳೇ ಒಂದು ತಕರಾರು ತೆಗೆದಳು. "ಹೆಸರ ಯಾಕ ಬದಲಿ ಮಾಡ್ತಿ? ನನ್ನ ಹೆಸರ ಹಾಕು. ಆವಾಗ ಒಮ್ಮಿ ಪೇಪರಿನ್ಯಾಗ ಬಂದಿತ್ತು, ಅದೂ ತಪ್ಪ ಹಾಕಿದ್ರು, ಅನಸಕ್ಕ ಅಂತ. ನಿನ್ನ ಬುಕ್ಕಿನ್ಯಾಗರ ಖರೇ ಹೆಸರ ಇರ್ಲಿ."

ನೀಲಮ ಇದನ್ನು ಬೆಳಗಾವಿಗೆ ಹೋಗಿ ಸರ್ ಮುಂದೆ ಇಟ್ಟಳು. ಮಗದುಮ್ಮ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರ ಹೆಸರು ಅವರದು, ಖರೇ. ಆದ್ರ ಅವರು ಅಪ್ಪನ ಸುದ್ದಿ ಹೇಳ್ತಾರ, ಗಂಡನ ಸುದ್ದಿ ಹೇಳ್ತಾರ. ಅವರೇನು ಸಹಿ ಮಾಡ್ಯಾರೇನು? ಒಬ್ಬರ ಹೆಸರು ಬಿಚ್ಚಿದ್ರ ಮನಿ ಎಲ್ಲಾ ಬಿಚ್ಚಿದಂಗ. ಸಾವಕಾಶ ನೋಡೂಣು. ಮೊದಲು ಕೇಳ್ಕೋ." ಆ ಮಾತು ಅಲ್ಲಿಗೇ ನಿಂತಿತು.

ಅನುಸೂಯಾ ಒಂದು ಸಲ ಬಾಯಿ ಬಿಟ್ಟ ಮೇಲೆ ಹೊಳೆಗೆ ನೀರು ಬಂದಂತಾಯಿತು. ಶನಿವಾರ ಬಂದರೆ ನೀಲಮ ಉಗಾರದಲ್ಲಿ. ಹಾರೂಗೇರಿಯ ಗೌಡರ ಕಣದಲ್ಲಿ ಹುಡುಗರ ಜೊತೆ ಆಡಿ ಕಲಿತದ್ದು, ಅವ್ವ ಲಂಗಕ್ಕೆ ಒಳಗಿನಿಂದ ಚಡ್ಡಿ ಹೊಲಿದು ಕೊಟ್ಟದ್ದು, ಅಥಣಿಯ ಪಂದ್ಯದಲ್ಲಿ ಎದುರಾಳಿಗಳು ಐದು ಜನ ಮೇಲೆ ಬಿದ್ದರೂ ಬೆರಳತುದಿಯಲ್ಲಿ ನಡುಗೆರೆ ಮುಟ್ಟಿದ್ದು. "ದಮ್ಮು ಅಂದ್ರ ಎದ್ಯಾಗ ಇರಂಗಿಲ್ಲ ತಂಗಿ, ಸೊಂಟದಾಗ ಇರ್ತೈತಿ," ಎಂದು ಹೇಳಿ, ಅಡಿಗೆಮನೆಯ ನಟ್ಟನಡುವೆ ಸೀರೆ ಕಚ್ಚೆಯಂತೆ ಸಿಕ್ಕಿಸಿ ನಿಂತು, 'ಕಬಡ್ಡಿ ಕಬಡ್ಡಿ' ಎಂದು ಒಂದೇ ಉಸಿರಿನಲ್ಲಿ ಹಿಡಿದಳು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. ಅವಳು ನಿಲ್ಲಿಸಲಿಲ್ಲ. ಕೊನೆಗೆ ಉಸಿರು ಒಡೆದಾಗ ಗೋಡೆ ಹಿಡಿದು ನಕ್ಕಳು; ಆ ನಗೆಯೂ ಫೋನಿನ ರೆಕಾರ್ಡಿನಲ್ಲಿ ಸೇರಿತು. ಸೀದ ಹಾಲಿನ ವಾಸನೆ ಮನೆ ತುಂಬಿತು. ಮಗಳು ಸೌಂದರ್ಯಾ ಆಗಷ್ಟೇ ಕಾಲೇಜಿನಿಂದ ಬಂದವಳು, "ಏನವ್ವಾ ಇದು?" ಎಂದರೆ, "ಈ ಅಕ್ಕಾರ ಜೋಡಿ ಮಾತಾಡ್ಕೋತ ಮರತೆ ಬಿಡು," ಎಂದಳು. ಅವ್ವ ಒಂದು ಕಾಲಕ್ಕೆ ಕಬಡ್ಡಿ ಆಡುತ್ತಿದ್ದಳು ಎಂಬುದು ಆ ಹುಡುಗಿಗೆ ಗೊತ್ತೇ ಇರಲಿಲ್ಲ. ಅತ್ತೆಮನೆಗೆ ಕಾಲಿಟ್ಟ ದಿನವೇ ಕೆಂಚವ್ವ ಹೇಳಿದ್ದಳಂತೆ: ಆ ಸುದ್ದಿ ಈ ಹೊಸ್ತಿಲ ಆಚೆಗೇ ಇರಲಿ.

ಕಡೆಯ ಮಾತುಕತೆ ನಡೆದದ್ದು ಹೊಳೆಯ ಬದಿಯ ಪಂಪ್‌ಸೆಟ್ ಕೋಣೆಯ ನೆರಳಿನಲ್ಲಿ. ಕಬ್ಬು ಎದೆಮಟ್ಟ ಬೆಳೆದಿತ್ತು. ಅನುಸೂಯಾ ಅಂದು ನಗಲಿಲ್ಲ.

ರಾಜ್ಯ ಜೂನಿಯರ್ ತಂಡದ ತರಬೇತಿಗೆ ಅವಳ ಹೆಸರು ಬಂದಿತ್ತು, ಧಾರವಾಡದಲ್ಲಿ ಶಿಬಿರ. ಅದೇ ಹೊತ್ತಿಗೆ ಉಗಾರದ ಸಂಬಂಧ ಗಟ್ಟಿಯಾಗಿತ್ತು. ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದಳು. ಮರುದಿನವೇ ಅಪ್ಪ ಹುಡುಕಿಕೊಂಡು ಬಂದ.

"ಅಪ್ಪ ಬೈಲಿಲ್ಲ, ಬಡೀಲಿಲ್ಲ. ಮೈದಾನದ ಮಗ್ಗಲ ಬೇವಿನ ಗಿಡದ ಬುಡಕ ಕುಂತಾ. ನಾ ಆಡೂದ ನೋಡ್ಕೋತ ಕುಂತಾ. ಊಟಕ್ಕ ಕರದ್ರ ಬರಲಿಲ್ಲ. ಮರುದಿವಸ ಮುಂಜಾನೆ ನೋಡಿದ್ರ ಅಲ್ಲೇ ಕುಂತಾನ. ಬೈದಿದ್ರ ನಾ ಗಟ್ಟಿ ನಿಲ್ತಿದ್ದೆ ತಂಗಿ. ಹಂಗ ಕುಂತಾನಲಾ, ಅದ ಆಗಲಿಲ್ಲ. ಚೀಲ ಹಿಡಕೊಂಡ ಬಂದ ಬಿಟ್ಟೆ. ಬಸ್ಸಿನ್ಯಾಗ ಅಪ್ಪ ಒಂದ ಮಾತ ಅಂದಾ: 'ಭಾಳ ಚಲೋ ಆಡ್ತಿ ಮಗಳ.' ಅದಕ್ಕ ನನಗ ಈಗೂ ಸಿಟ್ಟೈತಿ. ಯಾಕ ಅನಬೇಕಾಗಿತ್ತು?"

ಮದುವೆಯಾಯಿತು. ಗಂಡ ರಾವಸಾಹೇಬ ಕೆಟ್ಟವನಲ್ಲ, ಮಾತು ಕಡಿಮೆ. ಸೌಂದರ್ಯಾ ಹುಟ್ಟಿದ್ದು ವರ್ಷ ತುಂಬುವ ಮೊದಲೇ. ಇಲ್ಲಿಗೆ ಬಂದು ಅನುಸೂಯಾ ನೆಲ ನೋಡುತ್ತ, ನೀಲಮ ಪ್ರಶ್ನೆಯನ್ನೇ ಕೇಳದಿದ್ದರೂ, ಹೇಳತೊಡಗಿದಳು.

"ಕೂಸಿನ್ನ ತೋರ್ಸಿದ್ರು. ನನಗ ಏನ ಅನಿಸ್ತು ಗೊತ್ತೈತೇನ? ಮುಗೀತು, ಇನ್ನ ಮೈದಾನಕ್ಕ ಇಳ್ಯೂದ ಆಗಂಗಿಲ್ಲ ಅಂತ. ಅಲ್ಲೀತನಕ ಎಲ್ಲೋ ಒಂದೀಟ ಆಸೆ ಇತ್ತು. ಮುಖ ಗ್ವಾಡಿ ಕಡೆ ಮಾಡಿ ಮಲಗಿದೆ. ಮೂರು ದಿವಸ ಅಕಿನ್ನ ಉಡ್ಯಾಗ ತಗೊಳಲಿಲ್ಲ. ಹಾಲ ಕುಡಸಾಕ ನಮ್ಮವ್ವ ಹಿಡಕೊಂಡ ನಿಲ್ತಿದ್ಲು. ಈಗ ಅಕಿ ಅಂಗಳದಾಗ ಆಕಳ ಕರದ ಹಿಂದ ಓಡಿದ್ಲಂದ್ರ ಥೇಟ ನಾನ. ಆ ಹೆಜ್ಜಿ, ಆ ಗಕ್ಕನ ಹೊಳ್ಳಿ ತಿರಗೂದು. ನೋಡಾಕ ಆಗಂಗಿಲ್ಲ ನನಗ. ಒಳಗ ಹೋಗಿಬಿಡ್ತೀನಿ. ಸಾಲ್ಯಾಗ ಆಟದ ದಿವಸ ಇದ್ರ ಎಲ್ಲಾರ ಅವ್ವಗೋಳು ಹೋಗ್ತಿದ್ರು. ನಾ ಒಮ್ಮಿನೂ ಹೋಗಲಿಲ್ಲ."

ನೀಲಮ ತನ್ನ ಊರಿಗೆ ಬಂದು ರೆಕಾರ್ಡನ್ನೆಲ್ಲ ಕೇಳಿ ಕೇಳಿ ಬರೆದಳು. ಇಷ್ಟು ದಿನ ತನ್ನ ಪ್ರಬಂಧ ಕಾಲಿಲ್ಲದ ಕುರ್ಚಿಯಂತಿತ್ತು. ಈಗ ಅದು ನಿಲ್ಲುತ್ತದೆ ಎಂದು ಅವಳಿಗೆ ಮೊದಲ ಸಲ ಧೈರ್ಯ ಬಂತು. ಬರೆಯುತ್ತ ಅತ್ತದ್ದನ್ನು ಕಂಡು ಶೇವಂತಾ, "ಓದೂ ಬರಿಯೂ ಕೆಲಸದಾಗೂ ಅಳೂದಿರ್ತೈತೇನ ಪೋರಿ?" ಎಂದು ತಲೆ ನೇವರಿಸಿ ಹೋದಳು.

ಬರೆದದ್ದನ್ನು ಹೇಳಿದವರಿಗೇ ಓದಿ ತೋರಿಸಿ, ಸರಿಯೋ ತಪ್ಪೋ ಕೇಳಬೇಕು ಎಂಬುದು ಮಗದುಮ್ಮ ಸರ್ ಪಾಠ. ನೀಲಮ ಅದರಂತೆ ಉಗಾರಕ್ಕೆ ಹೋದಾಗ ಮನೆಯಲ್ಲಿ ಹೊಸ ಸಡಗರ. ಸೌಂದರ್ಯಾಳಿಗೆ ಅಥಣಿ ಕಡೆಯ ದ್ರಾಕ್ಷಿ ತೋಟದವರ ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಶಿವರಾಜ ಹುಡುಗಿಗೂ ಮೆಚ್ಚಿಗೆಯಾಗಿದ್ದ.

ಪಂಪ್‌ಸೆಟ್ ಕೋಣೆಯ ಹತ್ತಿರ ಕೂತು ನೀಲಮ ಓದಿದಳು. ಗೌಡರ ಕಣ, ಅಥಣಿಯ ಪಂದ್ಯ, ಬೇವಿನ ಮರದ ಅಪ್ಪ. ಅನುಸೂಯಾ "ಹೌದು, ಹಂಗ" ಎನ್ನುತ್ತ ಬಂದಳು. ಆ ಮೂರು ದಿನದ ಮಾತು ಬಂದಾಗ ಅವಳು ಬೆರಳಿಗೆ ಸುತ್ತುತ್ತಿದ್ದ ಗರಿಕೆಯ ಎಸಳು ಅಲ್ಲೇ ನಿಂತಿತು.

"ಇದ ಬುಕ್ಕಿನ್ಯಾಗ ಬರ್ತೈತೇನ?"

"ಹೆಸರ ಬದಲಿ ಮಾಡ್ತೀನ್ರಿ ಅಕ್ಕಾ. ಊರ ಹೆಸರೂ ಹಾಕಂಗಿಲ್ಲ."

"ಹಾರೂಗೇರ್ಯಾಗ ಕಬಡ್ಡಿ ಆಡ್ತಿದ್ದಾಕಿ, ಹೊಳಿ ದಂಡಿ ಊರಿಗೆ ಸೊಸಿಯಾಗಿ ಬಂದಾಕಿ, ಇಬ್ಬರ ಅದಾರೇನವಾ? ಯಾರರ ಒಬ್ರು ಓದಿದ್ರ ಸಾಕು. ನನ್ನ ಮಗಳಿಗೆ ಒಂದ ಸಾಲಿನ್ಯಾಗ ಗುರ್ತ ಹತ್ತತೈತಿ."

"ಆ ಮಾತಷ್ಟ ತಗೀತೀನ್ರಿ. ಉಳದದ್ದ ಇರ್ಲಿ."

ಅನುಸೂಯಾ ಗರಿಕೆಯನ್ನು ಹೊಳೆಯ ಕಡೆ ಎಸೆದಳು. "ಅದನ್ನ ತಗದ್ರ ಉಳದದ್ದೆಲ್ಲಾ ಸುಳ್ಳ ಆಗ್ತೈತಿ ತಂಗಿ. ಕಪ್ಪ ಗೆದ್ದೆ, ನಕ್ಕೆ, ಲಗ್ನ ಆತು. ಅಷ್ಟ ಆಗ್ತೈತಿ. ಬ್ಯಾಡ. ಎಲ್ಲಾ ಅಳಿಸಿಬಿಡು. ಆ ಕಾಗದದಾಗ ಬರದಿತ್ತಲಾ, ಯಾವಾಗ ಬೇಕಾದ್ರೂ ಹಿಂದ ಸರಿಬೌದಂತ. ನಾ ಹಿಂದ ಸರೀತೀನಿ."

ಬೇಡವೆನ್ನಲು ನೀಲಮಳಲ್ಲಿ ನೂರು ಮಾತಿದ್ದವು. ಆದರೆ ಕಾರಣ ಕೇಳದೆ ಬಿಡುತ್ತೇನೆಂದು ಬರೆದುಕೊಟ್ಟವಳು ತಾನೇ. ಕಬ್ಬಿನ ಸಾಲಿನ ಆಚೆ ಹೋಗಿ ಸರ್‌ಗೆ ಫೋನು ಮಾಡಿದಳು. ಎಲ್ಲ ಕೇಳಿದ ಮೇಲೆ ಅವರು ಹೇಳಿದರು: "ಭಾಳ ಚಲೋ ಸಂದರ್ಶನ ಅದು. ನನಗೂ ಕಷ್ಟ ಆಗೇತಿ ಹೇಳಾಕ. ಅಳಸು ನೀಲಮ. ನಮ್ಮ ಹತ್ರ ಇರೂದ ಅದೊಂದ ಮಾತು."

ಅಳಿಸುವ ಮೊದಲು ಅನುಸೂಯಾ ಒಮ್ಮೆ ಕೇಳುತ್ತೇನೆಂದಳು. ಇಯರ್‌ಫೋನಿನ ಒಂದು ಎಳೆ ಅವಳ ಕಿವಿಗೆ, ಇನ್ನೊಂದು ನೀಲಮಳ ಕಿವಿಗೆ. ತನ್ನ ದನಿಯನ್ನೇ ಬೇರೆ ಯಾರದೋ ಎಂಬಂತೆ ತಲೆ ಓರೆ ಮಾಡಿ ಕೇಳಿದಳು. ಅಡಿಗೆಮನೆಯ ಆ ಉಸಿರು ಬಂದಾಗ ಅವಳ ತುಟಿಗಳೂ ಅದರ ಜೊತೆಗೇ ಸದ್ದಿಲ್ಲದೆ ಅಲ್ಲಾಡಿದವು. ಮುಗಿದ ಮೇಲೆ, "ಚಲೋ ಇತ್ತು," ಎಂದಳು. ನೀಲಮ ಫೋನಿನಿಂದ, ಲ್ಯಾಪ್‌ಟಾಪಿನಿಂದ, ಇಂಟರ್ನೆಟ್ಟಿನಲ್ಲಿ ಇಟ್ಟಿದ್ದ ಪ್ರತಿಯಿಂದಲೂ ಅವಳ ಎದುರಿಗೇ ಅಳಿಸಿದಳು. ಬರೆದ ಹಾಳೆಗಳನ್ನು ಹರಿದು ಅನುಸೂಯಾ ತಾನೇ ಹೊಳೆಗೆ ಬಿಟ್ಟಳು. ಬಸ್ಸಿಗೆ ಹತ್ತಿಸುವಾಗ ನೀಲಮಳ ಕೈಯಲ್ಲಿ ಶೇಂಗಾಚಟ್ನಿಯ ಪೊಟ್ಟಣ ಇಟ್ಟು, "ಸಿಟ್ಟ ಮಾಡ್ಕೋಬ್ಯಾಡ," ಎಂದಳು.

ಸಿಟ್ಟು ಬಂದಿತ್ತು, ಸುಳ್ಳೇಕೆ? ಬೆಳಗಾವಿಗೆ ಮುಟ್ಟುವವರೆಗೂ ಇತ್ತು. ಆಮೇಲಾಮೇಲೆ ಇಳಿಯಿತು. ಉಳಿದವರ ಮಾತುಗಳ ಮೇಲೆ ನೀಲಮ ಪ್ರಬಂಧ ಕಟ್ಟಿದಳು. ಅನುಸೂಯಾಳ ಪಾಲಿಗೆ ಅದರಲ್ಲಿ ಸಿಕ್ಕದ್ದು ಸಂಶೋಧನಾ ವಿಧಾನದ ಅಧ್ಯಾಯದ ಒಂದೇ ವಾಕ್ಯ: 'ಮಾಹಿತಿದಾರರಲ್ಲಿ ಒಬ್ಬರು ಹಿಂದೆ ಸರಿದ ಕಾರಣ ಅವರ ಮಾಹಿತಿಯನ್ನು ನಾಶಪಡಿಸಲಾಗಿದೆ.'

ಮುಂದಿನ ಮಳೆಗಾಲ ಕೃಷ್ಣೆ ತುಂಬಿ ಹರಿಯುತ್ತಿದ್ದಾಗ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ನೀಲಮಳ ಫೋನು ನಡುಗಿತು. 'ಅನುಸೂಯಾ ಅಕ್ಕ' ಎಂದಿತ್ತು. ಖುಷಿಯಿಂದ ಹೊರಗೆ ಓಡಿ ಬಂದು, "ಅಕ್ಕಾ, ನಿಮ್ಮನ್ನ ನೆನಸಾಕತ್ತಿದ್ದೆ ನೋಡ್ರಿ," ಎಂದಳು.

"ನಾ ಸೌಂದರ್ಯಾ ಮಾತಾಡಾಕತ್ತೀನ್ರಿ ಅಕ್ಕಾ," ಎಂದಿತು ಆ ಕಡೆಯ ದನಿ. "ಅವ್ವ ಹೋದ್ಲ್ರೀ."

ದನದ ಕೊಟ್ಟಿಗೆಯಲ್ಲಿ ತಲೆ ಹಿಡಿದು ಕೂತವಳು ಹಾಗೇ ವಾಲಿದ್ದಳು. ಮಿರಜಿನ ಆಸ್ಪತ್ರೆಗೆ ಒಯ್ದರು. ಮೆದುಳಿನಲ್ಲಿ ರಕ್ತ ಸೋರಿತ್ತು. ಎಚ್ಚರ ಬರಲೇ ಇಲ್ಲ. ಇದಾಗಿ ವಾರ ಕಳೆದಿತ್ತು.

ನೀಲಮ ಹೋದಾಗ ಕೆಂಚವ್ವ ಅದೇ ಕಟ್ಟೆಯ ಮೇಲೆ ಕೂತಿದ್ದಳು. ಅವಳನ್ನು ಕಂಡದ್ದೇ ಕೈ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿಕೊಂಡು, "ನನ್ನ ಬಿಟ್ಟ ಅಕಿನ್ನ ಕರಕೊಂಡಾ ನೋಡವಾ ದೇವರು," ಎಂದು ಎದೆ ಬಡಿದುಕೊಂಡಳು. ಮುದುಕಿಯ ಹಿಡಿತ ಗಟ್ಟಿಯಾಗಿತ್ತು. ಬಿಡಿಸಿಕೊಳ್ಳಲು ನೀಲಮಳಿಗೆ ಮನಸ್ಸಾಗಲಿಲ್ಲ. ರಾವಸಾಹೇಬ ಕಂಬಕ್ಕೆ ಒರಗಿ ನಿಂತಿದ್ದ. ಬಂದವರು ಏನಂದರೂ ಅವನದು ಒಂದೇ ಮಾತು: "ಮುಂಜಾನೆ ಚಹಾ ಮಾಡಿ ಕೊಟ್ಟಿದ್ಲ್ರೀ."

ಸೌಂದರ್ಯಾ ಅವಳನ್ನು ಅಡಿಗೆಮನೆಗೆ ಕರೆದೊಯ್ದು ಬಾಗಿಲು ಮುಚ್ಚಿದಳು. ಹುಡುಗಿ ಸೊರಗಿದ್ದಳು. ಕಣ್ಣಲ್ಲಿ ಮಾತ್ರ ಏನೋ ಒಂದು ಆಸೆ ಹೊತ್ತಿಕೊಂಡಿತ್ತು.

"ಅಕ್ಕಾ, ನಮ್ಮ ಫೋನಿನ್ಯಾಗ ಎಲ್ಲಾ ಹುಡುಕಿದೆ. ಅವ್ವನ ಫೋಟೋ ಅದಾವು. ವಿಡಿಯೋದಾಗ ಅಕಿ ಬರ್ತಾಳ, ಹೋಗ್ತಾಳ, ಮಾತಾಡಂಗಿಲ್ಲ. ಎಲ್ಲೂ ಅಕಿ ದನಿ ಇಲ್ಲ. ಆವಾಗ ನೆಪ್ಪಾತು. ನೀವು ಬಂದು ಅವ್ವನ ಮಾತೆಲ್ಲಾ ರೆಕಾರ್ಡ್ ಮಾಡ್ಕೊಂತಿದ್ದ್ರಲಾ. ನಾ ನೋಡೇನಿ. ಅದೊಂದೀಟ ಕೊಡ್ತೀರೇನ್ರಿ? ಏನ ಮಾತಾಡಿದ್ರೂ ನಡೀತೈತಿ. ಉಪ್ಪು ಎಣ್ಣಿ ಸುದ್ದಿ ಆದ್ರೂ ನಡೀತೈತಿ. ದನಿ ಸಾಕು."

ನೀಲಮ ಒಲೆಯ ಕಡೆ ನೋಡಿದಳು. ಆಮೇಲೆ ನೆಲಕ್ಕೆ ಕೂತಳು.

"ಇಲ್ಲವಾ," ಎಂದಳು.

"ಹುಡಕಿ ನೋಡ್ರಿ ಅಕ್ಕಾ. ಎಲ್ಲ್ಯರ ಇರತೈತಿ."

"ಎಲ್ಲೂ ಇಲ್ಲವಾ. ನಿಮ್ಮವ್ವ ಅಳಸು ಅಂದ್ರು. ಅವರ ಮುಂದ ಅಳಿಸಿದೆ."

ಆ ಹುಡುಗಿಯ ಮುಖ ನೀಲಮಳ ಕಣ್ಣೆದುರಿಗೇ ಆರಿತು. ಅವಳು ಅಳಲಿಲ್ಲ. ನೀಲಮಳ ಎದುರಿಗೆ ಕೂತು ಕೇಳಿದಳು: "ಯಾಕ ಅಳಸು ಅಂದ್ಲು?"

ಸತ್ತವಳಿಗೆ ಕೊಟ್ಟ ಮಾತು ಒಂದು ಕಡೆ. ಯಾರ ಸಲುವಾಗಿ ಅವಳು ಹಿಂದೆ ಸರಿದಳೋ ಆ ಮಗಳೇ ಮುಂದೆ ಕೂತು ಕೈಯೊಡ್ಡಿದ್ದು ಇನ್ನೊಂದು ಕಡೆ. ನೀಲಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಆ ಮೂರು ದಿನ ಮಾತ್ರ ತನ್ನ ಜೊತೆಗೇ ಮಣ್ಣಾಗಲಿ ಎಂದು ಗಟ್ಟಿ ಮಾಡಿಕೊಂಡಳು. ಉಳಿದದ್ದನ್ನು ಈ ಹುಡುಗಿಯಿಂದ ಬಚ್ಚಿಡಲು ಅವಳ ಮನಸ್ಸು ಒಪ್ಪಲಿಲ್ಲ.

"ನಿಮ್ಮವ್ವ ಕಬಡ್ಡಿ ಆಡ್ತಿದ್ರು," ಎಂದಳು. "ಭಾಳ ದೊಡ್ಡ ಆಟಗಾರ್ತಿ."

ಹೇಳುತ್ತ ಹೋದಳು. ಕಣದ ಆಟ, ಅಥಣಿಯ ನಡುಗೆರೆ, ಧಾರವಾಡ, ಬೇವಿನ ಬುಡದ ಅಜ್ಜ. ಸೌಂದರ್ಯಾ ಕಣ್ಣು ಮಿಟುಕಿಸದೆ ಕೇಳಿದಳು. ನಡುವೆ ಒಮ್ಮೆ, "ನಮ್ಮವ್ವನೇನ್ರಿ ಇದು?" ಎಂದಳು. ಎಲ್ಲ ಮುಗಿದ ಮೇಲೆ, ಇಷ್ಟು ಹೊತ್ತು ಬಾಯಿಗೆ ಬಂದೂ ನುಂಗಿಕೊಂಡಿದ್ದನ್ನು ಕೇಳಿದಳು.

"ನನ್ನ ಸುದ್ದಿ ಏನರ ಮಾತಾಡಿದ್ಲೇನ್ರಿ?"

"ಮಾತಾಡಿದ್ರು. ನೀ ಓಡಿದ್ರ ಥೇಟ ನಾನ ಅಂದ್ರು. ಅದ ಹೆಜ್ಜಿ, ಅದ ಹೊಳ್ಳೂದು ಅಂದ್ರು. ನೋಡಾಕ ಆಗಂಗಿಲ್ಲ, ಅದಕ್ಕ ಒಳಗ ಹೋಗಿಬಿಡ್ತೀನಿ ಅಂದ್ರು."

ಸೌಂದರ್ಯಾ ತಲೆಯೆತ್ತಿದಳು. "ನಾ ಸಾಲ್ಯಾಗ ಓಟದಾಗ ಮೊದಲ ಬರ್ತಿದ್ದೆ ರಿ ಅಕ್ಕಾ. ಎಲ್ಲಾರ ಅವ್ವಗೋಳು ಬರ್ತಿದ್ರು. ನಮ್ಮವ್ವ ಒಂದ ಸಲಾನೂ ಬರಲಿಲ್ಲ. ನನ್ನ ಮ್ಯಾಲ ಅಕಿಗೆ ಜೀವ ಇಲ್ಲ ಅನ್ಕೊಂಡಿದ್ದೆ. ಮೊನ್ನಿ ಮೊನ್ನಿತನಕ ಹಂಗ ಅನ್ಕೊಂಡಿದ್ದೆ." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹೊರಗಿನವರಿಗೆ ಕೇಳಬಾರದೆಂದು ಹೆಣಗುತ್ತ ಅತ್ತಳು. ನೀಲಮ ಅವಳ ಬೆನ್ನಿನ ಮೇಲೆ ಕೈಯಿಟ್ಟು ಕೂತಳು. ಹೇಳಿದ್ದು ಸರಿಯಾಯಿತೋ ತಪ್ಪಾಯಿತೋ ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ಚಳಿಗಾಲದಲ್ಲಿ ನೀಲಮಳ ಮೌಖಿಕ ಪರೀಕ್ಷೆಯಾಯಿತು. ಹೊರಗಿನಿಂದ ಬಂದ ಪರೀಕ್ಷಕರು ಆ ಒಂದು ವಾಕ್ಯದ ಮೇಲೆ ಬೆರಳಿಟ್ಟು, "ನಾಶಪಡಿಸಿದ್ದರಿಂದ ನಿಮ್ಮ ಅಧ್ಯಯನಕ್ಕೆ ಏನಾದರೂ ಕೊರತೆಯಾಯಿತೇ?" ಎಂದು ಕೇಳಿದರು. ನೀಲಮ, "ಆಯಿತು ಸರ್," ಎಂದಳು. ಮುಂದೆ ಏನಾದರೂ ಹೇಳುತ್ತಾಳೇನೋ ಎಂದು ಅವರು ಕಾದರು. ಮಗದುಮ್ಮ ಸರ್ ಕಿಟಕಿಯ ಕಡೆ ನೋಡುತ್ತಿದ್ದರು. ಅವಳು ಆ ಪುಟವನ್ನು ಮಗುಚಿದಳು. ಪದವಿ ಬಂತು. ತುಕಾರಾಮ ಕಾಲೇಜಿನವರಿಗೆಲ್ಲ ಪೇಢೆ ಹಂಚಿದ.

ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆ ಮಾಡದಿದ್ದರೆ ಮೂರು ವರ್ಷ ತಡೆಯಬೇಕು ಎಂದು ಹಿರಿಯರು ಹೇಳಿದ್ದರಿಂದ ಸೌಂದರ್ಯಾಳ ಮದುವೆಯೂ ನಡೆದುಹೋಯಿತು, ಬಾಜಾಬಜಂತ್ರಿಯಿಲ್ಲದೆ. ನೀಲಮ ಹೋಗಿ ಅಕ್ಷತೆ ಹಾಕಿ ಬಂದಳು. ತಾಯಿ ನಿಲ್ಲಬೇಕಾದಲ್ಲಿ ಸೋದರತ್ತೆ ನಿಂತಿದ್ದಳು.

ಅಥಣಿಗೆ ಹೋದ ಮೇಲೂ ಸೌಂದರ್ಯಾ ಆಗಾಗ ಫೋನು ಮಾಡುತ್ತಾಳೆ. ತೋಟದಲ್ಲಿ ಒಬ್ಬಳೇ ಇರುವ ಹೊತ್ತು ನೋಡಿ ಮಾಡುತ್ತಾಳೆ. ಅದೂ ಇದೂ ಮಾತಾಡಿ, ಕೊನೆಗೆ, "ಅವ್ವ ಅಂದಿದ್ದ ಒಮ್ಮಿ ಹೇಳ್ರಿ ಅಕ್ಕಾ," ಎನ್ನುತ್ತಾಳೆ. ನೀಲಮ ಹೇಳುತ್ತಾಳೆ. ಹೇಳಿದಷ್ಟೂ ಆ ಮಾತುಗಳು ಸವೆಯುತ್ತಿವೆ ಎಂದು ಅವಳಿಗೇ ಅನಿಸುತ್ತದೆ. ಶಬ್ದಗಳು ಇವೆ, ಅವನ್ನು ಆಡಿದ ದನಿ ಕಿವಿಯಿಂದ ದಿನದಿನಕ್ಕೆ ದೂರ ಹೋಗುತ್ತಿದೆ. ಈಗ ಅವು ಅನುಸೂಯಾಳ ಮಾತಿನಂತೆ ಕೇಳುವುದಿಲ್ಲ. ಭೋಜದ ನೀಲಮ, ಅರ್ಧ ಮರಾಠಿ ರಾಗದಲ್ಲಿ, ಯಾರದೋ ಸುದ್ದಿ ಹೇಳಿದಂತೆ ಕೇಳುತ್ತವೆ.

ಮೊನ್ನೆ ಹಾಗೇ ಹೇಳುತ್ತಿದ್ದಾಗ ಸೌಂದರ್ಯಾ ನಡುವೆಯೇ ತಡೆದಳು.

"ಅವ್ವ ಹಂಗ ಅಂತಿದ್ದಿಲ್ರೀ ಅಕ್ಕಾ."

"ಮತ್ತ ಹೆಂಗ?"

ಹುಡುಗಿ ಗಂಟಲು ಸರಿ ಮಾಡಿಕೊಂಡಳು. "ನೀ ಓಡಿದ್ಯಂದ್ರ," ಎಂದು ಶುರು ಮಾಡಿ, 'ಥೇಟ' ಎಂಬಲ್ಲಿ ಕ್ಷಣ ನಿಂತು, ಆ ನಂತರದ 'ನಾನ' ಎಂಬುದನ್ನು ಅನುಸೂಯಾಳದೇ ದನಿಯಲ್ಲಿ ಉಸಿರಿನ ತಳದಿಂದ ಎತ್ತಿ ಹೇಳಿದಳು. ನೀಲಮ ಬೆಳಗಾವಿಯ ರಸ್ತೆಬದಿಯಲ್ಲಿ ನಿಂತಿದ್ದಳು. ಬಸ್ಸುಗಳು ಹೋಗುತ್ತಿದ್ದವು. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಇನ್ನೊಮ್ಮಿ ಅನ್ನು," ಎಂದಳು.

ಆ ಕಡೆ ಯಾರೋ ಸೌಂದರ್ಯಾಳನ್ನು ಕರೆದರು. "ಬಂದೆ ರಿ ಅತ್ತೀ," ಎಂದು ಅವಳು ಕೂಗಿದ್ದು ಕೇಳಿಸಿತು, ಆಮೇಲೆ ಫೋನು ಕಡಿಯಿತು.